ಇಲ್ಲದ ಹಲಗೆಯ ನುಣುಪು

"ಎರಡು ಸಾವಿರ ವರ್ಷ ಆದ್ರೂ ಹಲಗೆ ಎಷ್ಟು ನುಣುಪಾಗಿದೆ ನೋಡಿ!"

ಮಂಗಳವಾರ ನಮ್ಮಲ್ಲಿಗೆ ಬಂದಿದ್ದ ಅತಿಥಿಯೊಬ್ಬರ ಮಾತಿದು. ಯೋಜನೆಗೆ ಹಣ ಕೊಡುವ ಕಡೆಯವರು. ಪರದೆಯ ಮೇಲೆ ಮುಳುಗಿದ ಹಡಗಿನ ತ್ರೀಡಿ ಮಾದರಿ ಇತ್ತು, ಮೌಸ್ ಅವರ ಕೈಯಲ್ಲೇ ಇತ್ತು. ಜಾಡಿಗಳ ರಾಶಿ ದಾಟಿ, ಲಂಗರು ದಾಟಿ, ಹಡಗಿನ ಒಡಲಿನ ಒಂದು ಮೂಲೆಯಲ್ಲಿ ಬಂದು ನಿಂತಿದ್ದರು.

"ಅಲ್ಲಿ ಏನೂ ಇಲ್ಲ ಸರ್," ಅಂದೆ.

"ಇದೆಯಲ್ಲ. ಕಾಣ್ತಾ ಇದೆಯಲ್ಲ!"

ವಾರವಿಡೀ ಈ ಮಾತು ತಲೆಯಲ್ಲಿ ಸುತ್ತುತ್ತಿದೆ. ಮೆಚ್ಚೋಕೆ ಅಲ್ಲಿ ಬೇಕಾದಷ್ಟಿತ್ತು. ಜಾಡಿಯ ಕುತ್ತಿಗೆಯ ಮೇಲೆ ಹಸಿಮಣ್ಣಲ್ಲಿ ಒತ್ತಿದ ಮುದ್ರೆ, ಹಲಗೆಗಳನ್ನು ಒಂದಕ್ಕೊಂದು ಸೇರಿಸಿದ ಮರದ ಗೂಟ, ಹುಳು ಕೊರೆದ ಅಂಚು. ಅದೆಲ್ಲ ಬಿಟ್ಟು ಅವರ ಕಣ್ಣು ಬಿದ್ದದ್ದು ಹಡಗಿನಲ್ಲಿ ಇಲ್ಲವೇ ಇಲ್ಲದ ಜಾಗದ ಮೇಲೆ. ಅದು ಸಾಫ್ಟ್‌ವೇರ್ ತಾನೇ ಮುಚ್ಚಿದ ತೂತು.

ಈ ಕೆಲಸ ನಡೆಯೋದು ಹೀಗೆ. ಡೈವರ್ ಕ್ಯಾಮೆರಾ ಹಿಡಿದು ಹಡಗಿನ ಮೇಲೆ ಹೊಲ ಉಳುವ ಹಾಗೆ ಸಾಲು ಸಾಲಾಗಿ ಈಜುತ್ತಾರೆ. ಒಂದು ಫೋಟೋದ ಮುಕ್ಕಾಲು ಪಾಲಿನಷ್ಟಾದರೂ ಮುಂದಿನ ಫೋಟೋದಲ್ಲಿ ಇರಬೇಕು. ಆಗ ಒಂದೇ ಚುಕ್ಕಿ ಬೇರೆ ಬೇರೆ ಕೋನದಿಂದ ಸಿಗುತ್ತದೆ, ಅದು ಎಲ್ಲಿದೆ ಅಂತ ಲೆಕ್ಕ ಹಾಕಬಹುದು. ಇದಕ್ಕೆ ಫೋಟೋಗ್ರಾಮೆಟ್ರಿ ಅನ್ನುತ್ತಾರೆ. ನೀರಿನೊಳಗೆ ಜಿಪಿಎಸ್ ಸಿಗಲ್ಲ, ಹಾಗಾಗಿ ಅಳತೆಪಟ್ಟಿ ಇಟ್ಟು, ಗುರುತಿನ ಬಿಂದುಗಳ ಆಳ ಬರೆದುಕೊಂಡು ಬರಬೇಕು. ಅದು ಸರಿ ಇಲ್ಲದಿದ್ದರೆ ಇಡೀ ಮಾದರಿ ನಿಧಾನವಾಗಿ ಬಾಗುತ್ತದೆ, ಆದರೂ ನೋಡೋಕೆ ಚೆಂದವೇ ಇರುತ್ತದೆ. ಕೆಂಪು ಬಣ್ಣವನ್ನು ನೀರು ಮೊದಲ ಕೆಲವು ಮೀಟರಿನಲ್ಲೇ ನುಂಗಿಬಿಡುತ್ತದೆ, ಆದ್ದರಿಂದ ಬೆಳಕನ್ನೂ ಜೊತೆಗೆ ಒಯ್ಯಬೇಕು. ಇಷ್ಟಾದರೂ ಜಾಡಿಗಳ ಸಂದಿ, ಹಲಗೆಯ ಕೆಳಗಿನ ಕತ್ತಲೆ, ಮೀನು ಅಡ್ಡ ಬಂದ ಜಾಗ ಸಿಗುವುದಿಲ್ಲ. ಅಲ್ಲೆಲ್ಲ ತೂತು ಉಳಿಯುತ್ತದೆ. ಒಂದು ಬಟನ್ ಒತ್ತಿದರೆ ಸಾಫ್ಟ್‌ವೇರ್ ಸುತ್ತಲಿನ ಅಂಚನ್ನು ನೋಡಿ ತೂತನ್ನು ಮುಚ್ಚುತ್ತದೆ, ಪಕ್ಕದ ಬಣ್ಣವನ್ನೂ ಬಳಿಯುತ್ತದೆ. ಅದಕ್ಕೇ ಅಷ್ಟು ನುಣುಪು.

ನಮ್ಮ ಹತ್ತಿರ ಎರಡು ಪ್ರತಿ ಇವೆ. ಅಳತೆಗೆ ಬಳಸೋದು ತೂತಿರುವ ಪ್ರತಿ, ಜನರಿಗೆ ತೋರಿಸೋದು ಮುಚ್ಚಿದ ಪ್ರತಿ. ಮುಚ್ಚಲೇಬೇಕು ಅಂತ ಹಟ ಹಿಡಿದದ್ದು ಪ್ರದರ್ಶನ ನೋಡಿಕೊಳ್ಳುವ ಗೆಳೆಯ. "ತೂತಿದ್ರೆ ಜನ ತೂತನ್ನೇ ನೋಡ್ತಾರೆ" ಅನ್ನೋದು ಅವನ ವಾದ. ಹುಡುಗ ಒಳ್ಳೆಯವನು, ಕಣ್ಣೂ ಚುರುಕು, ಆದರೆ ಅಂದವಾಗಿಲ್ಲದ್ದನ್ನು ಕಂಡರೆ ಅವನಿಗೆ ಮೈ ಉರಿಯುತ್ತದೆ. ಅತಿಥಿಯ ಮಾತು ಕೇಳಿ ಅವನು ಕಿಟಕಿಯ ಕಡೆ ತಿರುಗಿ ನಗುತ್ತಿದ್ದ.

ನಗದೇ ಇದ್ದವರು ನಮ್ಮ ಹಿರಿಯ ನಕ್ಷೆಗಾರ್ತಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ನೀರಿನಡಿಯೇ ಬರೆದುಕೊಂಡು ಬರುತ್ತಿದ್ದ ಕಾಲದವರು. ಸ್ವಲ್ಪ ಮುಂಗೋಪಿ, ಕಂಪ್ಯೂಟರ್ ಅಂದರೆ ಮೂಗು ಮುರಿಯುತ್ತಾರೆ. ಹಳೇ ವಿಧಾನವನ್ನು ಅವರು ಹೊಗಳುವಷ್ಟು ನಾನು ಹೊಗಳಲ್ಲ. ಟರ್ಕಿಯ ತೀರದ ಹತ್ತಿರ ಮುಳುಗಿದ್ದ ಪುರಾತನ ಉಲುಬುರುನ್ ಹಡಗು ಇದ್ದದ್ದು 44 ಮೀಟರಿನಿಂದ ಕೆಳಗೆ. ಡೈವರ್‌ಗಳಿಗೆ ಅಲ್ಲಿ ಸಿಗುತ್ತಿದ್ದದ್ದು ಸಲಕ್ಕೆ 20 ನಿಮಿಷ, ದಿನಕ್ಕೆ ಎರಡೇ ಸಲ. 1984ರಿಂದ 1994ರವರೆಗೆ 22,413 ಸಲ ಇಳಿದರು. ಅಷ್ಟು ಕಡಿಮೆ ಹೊತ್ತಿನಲ್ಲಿ, ಆಳದಲ್ಲಿ ಉಸಿರಾಡುವ ಗಾಳಿಯ ಸಾರಜನಕದಿಂದ ಏರುವ ಅಮಲಿನಲ್ಲಿ ಟೇಪು ಹಿಡಿದು ಅಳೆಯೋದಿದೆಯಲ್ಲ, ಅದಕ್ಕೆ ಯಾರೂ ಮತ್ತೆ ಆಸೆಪಡಬೇಕಾಗಿಲ್ಲ.

ಆದರೆ ಅತಿಥಿ ಹೋದಮೇಲೆ ಆಕೆ ತಮ್ಮ ಹಳೇ ಹಾಳೆಯೊಂದನ್ನು ತಂದು ಮೇಜಿನ ಮೇಲೆ ಹರಡಿದರು. ಕಂಡ ಹಲಗೆಗೆ ಗಟ್ಟಿ ಗೆರೆ, ಊಹಿಸಿದ್ದಕ್ಕೆ ತುಂಡು ಗೆರೆ. ಏನೂ ಹೇಳದೆ ಹೋದರು. ಅಷ್ಟು ಸಾಕಿತ್ತು. ಪೆನ್ಸಿಲ್ ಹಿಡಿದವರಿಗೆ 'ಇದು ಊಹೆ' ಅಂತ ಹೇಳುವ ದಾರಿಯೊಂದಿತ್ತು. ನಮ್ಮ ಚೆಂದದ ಮಾದರಿ ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ಬಣ್ಣದಲ್ಲಿ ತೋರಿಸುತ್ತದೆ.

ಇದು ಸುಮ್ನೆ ಅಂದದ ಜಗಳ ಅಲ್ಲ. ಅಗೆಯುವಾಗ ಒಂದು ಪದರ ತೆಗೆದರೆ ಅದನ್ನು ವಾಪಸ್ ಇಡೋಕಾಗಲ್ಲ. ಆಮೇಲೆ ಆ ಪದರಕ್ಕೆ ಉಳಿಯೋದು ದಾಖಲೆ ಮಾತ್ರ. ಕೆಲವು ಹಡಗುಗಳ ವಿಷಯದಲ್ಲಂತೂ ಮೊದಲಿಂದಲೂ ಪರದೆಯೇ ಗತಿ. ಬಲ್ಗೇರಿಯಾದ ಕಡೆ ಕಪ್ಪು ಸಮುದ್ರದಲ್ಲಿ 2 ಕಿಲೋಮೀಟರಿಗಿಂತ ಆಳದಲ್ಲಿ ಸುಮಾರು 2,400 ವರ್ಷ ಹಳೆಯ ಗ್ರೀಕ್ ಹಡಗು ಇದೆ. ಅಲ್ಲಿ ಆಮ್ಲಜನಕ ಇಲ್ಲದ್ದರಿಂದ ಮರ ತಿನ್ನುವ ಜೀವಿಗಳೂ ಇಲ್ಲ. ಪಟಕಂಬ, ಚುಕ್ಕಾಣಿ, ಹುಟ್ಟು ಹಾಕುವವರ ಬೆಂಚು ಎಲ್ಲಾ ಇದ್ದಲ್ಲೇ ಇವೆ. ಯಾವ ಡೈವರೂ ಅಲ್ಲಿ ಇಳಿದಿಲ್ಲ, ಇಳಿಯೋಕೂ ಆಗಲ್ಲ. ಮೇಲಿನಿಂದ ನಡೆಸುವ ಯಂತ್ರ ಹೋಗಿ ಚಿತ್ರ ತಂದಿತು. 2018ರಲ್ಲಿ ಸುದ್ದಿ ಬಂದಾಗ ನಾನೂ ಬಾಯಿಬಿಟ್ಟು ನೋಡಿದ್ದೆ. ಕಾಣ್ತಾ ಇತ್ತಲ್ಲ!

ಅಂದರೆ ಅತಿಥಿಯ ಮಾತು ನಾವು ನಗುವಷ್ಟು ಪೆದ್ದು ಮಾತೇನಲ್ಲ. ನಾವೂ ಪರದೆ ನೋಡಿಯೇ ನಂಬುವವರು. ಅವರಿಗೆ ಆ ನುಣುಪಿನ ಮೇಲೆ ಅನುಮಾನ ಬರುವಂಥ ಗುರುತು ಒಂದನ್ನೂ ನಾವು ಇಟ್ಟಿರಲಿಲ್ಲ.

ಈಗ ಮುಚ್ಚಿದ ಜಾಗಗಳಿಗೆಲ್ಲ ಬೂದು ಬಣ್ಣ ಹಾಕೋಣ ಅಂತ ಹೇಳಿದ್ದೇನೆ. ಗೆಳೆಯ ಒಪ್ಪಿದ್ದಾನೆ, ಆದರೆ ಯಾವ ಬೂದು ಅನ್ನೋದರ ಮೇಲೆ ಜಗಳ. ತಿಳಿಯಾದರೆ ಮರಳಿನಂತೆ ಕಾಣುತ್ತದಂತೆ, ಗಾಢವಾದರೆ ಸುಟ್ಟ ಹಾಗೆ ಕಾಣುತ್ತದಂತೆ. ನಕ್ಷೆಗಾರ್ತಿಯನ್ನು ಕೇಳಿದೆವು. "ತುಂಡು ಗೆರೆ ಹಾಕಿ" ಅಂದರು.

ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಮೂಲ ಫೋಟೋಗಳದ್ದು. ಅವು ಇದ್ದರೆ ಮುಂದೆ ಯಾರಾದರೂ ಇನ್ನೂ ಒಳ್ಳೆಯ ಸಾಫ್ಟ್‌ವೇರಿನಲ್ಲಿ ಮಾದರಿಯನ್ನು ಹೊಸದಾಗಿ ಕಟ್ಟಬಹುದು, ನಾವು ಎಲ್ಲಿ ಊಹಿಸಿದ್ದೆವು ಅಂತ ಪತ್ತೆ ಹಚ್ಚಬಹುದು. ಬರೀ ಮಾದರಿ ಉಳಿದರೆ ಅದೂ ಇಲ್ಲ. ಹಣ ಕೊಡುವವರು ಕೇಳಬೇಕಾದ ಪ್ರಶ್ನೆ ಇದು: ಫೋಟೋಗಳು ಎಷ್ಟು ಕಡೆ ಇವೆ, ಹತ್ತು ವರ್ಷ ಬಿಟ್ಟು ಆ ಡಿಸ್ಕ್ ತೆರೆಯೋರು ಯಾರು? ಅತಿಥಿ ಕೇಳಲಿಲ್ಲ, ನಾನೇ ಶುರು ಮಾಡಿದೆ. ಅವರು ಗಡಿಯಾರ ನೋಡಿಕೊಂಡು, ಆ ಹಲಗೆಯ ಚಿತ್ರ ವಾರ್ಷಿಕ ವರದಿಯ ಮುಖಪುಟಕ್ಕೆ ಸಿಗುತ್ತಾ ಅಂತ ಕೇಳಿದರು.