ರಾಮಾಚಾರಿ ಯಾರ ಮಾತಿಗೆ ಸೋಲುತ್ತಾನೆ?

ಚಿತ್ರದುರ್ಗದಲ್ಲಿ ಕೂತು ಹರೆಯದ ಹುಡುಗನ ಪಾತ್ರವನ್ನು ಬಿಡಿಸಿ ನೋಡಬೇಕೆಂದರೆ ‘ನಾಗರಹಾವು’ ಬಿಟ್ಟು ಬೇರೆ ಚಿತ್ರ ಹುಡುಕಬೇಕಿಲ್ಲ. 1972ರ ಚಿತ್ರ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಕಾದಂಬರಿಗಳು ಇದರಲ್ಲಿ ಒಂದೇ ಕಥೆಯಾಗಿವೆ. ಮೊನ್ನೆ ಭಾನುವಾರ ಪದವಿ ವಿದ್ಯಾರ್ಥಿಗಳ ಜೊತೆ ಇಡೀ ದಿನ ಇದೇ ಕೆಲಸ. ದಾವಣಗೆರೆಯಿಂದಲೂ ಕೆಲವರು ಬೆಳಗಿನ ಬಸ್ಸಿಗೇ ಬಂದಿದ್ದರು.

ಚಿತ್ರ ಸುಮಾರು ಮೂರು ಗಂಟೆಯದು. ವಿಶ್ಲೇಷಣೆಗೆ ಅದನ್ನು ಒಂದೇ ಉಸಿರಿಗೆ ನೋಡಬಾರದು. ಕಥೆಯ ಸೆಳೆತದಲ್ಲಿ ಪಾತ್ರ ಕೈತಪ್ಪುತ್ತದೆ. ಮೊದಲೇ ಒಮ್ಮೆ ಮನೆಯಲ್ಲಿ ನೋಡಿ ಬರಬೇಕು. ಕೂಡಿ ಕುಳಿತಾಗ ಬೇಕಾದ ದೃಶ್ಯಗಳನ್ನಷ್ಟೇ ಎರಡೆರಡು ಸಲ ಹಾಕಬೇಕು, ಒಂದು ಸಲ ಶಬ್ದವಿಲ್ಲದೆ. ಶಬ್ದ ನಿಲ್ಲಿಸುವುದಕ್ಕೆ ಕಾರಣವಿದೆ. ಚಿತ್ರದ ನಾಯಕ ರಾಮಾಚಾರಿ ಎಂಥವನು ಎಂದು ಕೇಳಿದರೆ ಬರುವ ಉತ್ತರ ‘ಒರಟ, ಆದ್ರೆ ಮನಸು ಚಿನ್ನ ಸಾರ್’. ಅದು ರಾಮಾಚಾರಿಯ ಬಗ್ಗೆ ಅಲ್ಲ, ಆಮೇಲಿನ ದಶಕಗಳಲ್ಲಿ ನಾವು ಪ್ರೀತಿಸಿದ, ಆ ಪಾತ್ರ ಮಾಡಿದ ವಿಷ್ಣುವರ್ಧನ್ ಬಗ್ಗೆ. ಈ ಚಿತ್ರ ಬಂದಾಗ ಅವರು ಇನ್ನೂ ಹೊಸ ಮುಖ. ಸಂಭಾಷಣೆ ನಿಂತರೆ ಅಭಿಮಾನವೂ ಸ್ವಲ್ಪ ಹಿಂದೆ ಸರಿಯುತ್ತದೆ, ಹುಡುಗ ಕಾಣಿಸುತ್ತಾನೆ.

ಪ್ರತಿಯೊಬ್ಬರಿಗೂ ಒಂದು ಹಾಳೆ, ಅದರಲ್ಲಿ ನಾಲ್ಕು ಕಾಲಂ: ದೃಶ್ಯ ಯಾವುದು, ಆಗ ಅವನಿಗೆ ಬೇಕಾಗಿದ್ದೇನು, ಎದುರಿನವರು ಅವನನ್ನು ಏನೆಂದು ತಿಳಿದರು, ತಕ್ಷಣ ಅವನು ಏನು ಮಾಡಿದ. ನಾಲ್ಕನೆಯದರಲ್ಲಿ ಗುಣ ಬರೆಯುವ ಹಾಗಿಲ್ಲ, ಕ್ರಿಯೆ ಮಾತ್ರ. ‘ಕೋಪಗೊಂಡ’ ಎಂದರೆ ನಡೆಯದು. ‘ಕಟ್ಟಿಹಾಕಿದ’ ಎಂದರೆ ನಡೆದೀತು.

ಈ ಒಂದು ನಿಯಮದಿಂದ ಎಷ್ಟು ದೊರೆಯುತ್ತದೆ ನೋಡಿ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ರಾಮಾಚಾರಿಗೆ ಎಲ್ಲರೆದುರು ಮಾನ ಹೋಗುತ್ತದೆ. ಆಮೇಲೆ ಅವನು ಪ್ರಿನ್ಸಿಪಾಲರನ್ನು ಅರೆಬೆತ್ತಲೆ ಮಾಡಿ ಕಂಬಕ್ಕೆ ಕಟ್ಟುತ್ತಾನೆ. ಹೆಚ್ಚಿನವರು ಇದನ್ನು ‘ಪುಂಡಾಟ’ ಎಂದು ಬರೆದು ಮುಂದೆ ಹೋಗುತ್ತಾರೆ. ಮೂರನೆಯ ಮತ್ತು ನಾಲ್ಕನೆಯ ಕಾಲಂಗಳನ್ನು ಜೋಡಿಸಿ ಓದಿದರೆ ಗೊತ್ತಾಗುವುದೇ ಬೇರೆ: ತನ್ನನ್ನು ಯಾವ ರೀತಿ ನಾಚಿಸಿದರೋ ಅದೇ ರೀತಿಯಲ್ಲಿ ತಿರುಗಿಸಿ ಕೊಟ್ಟಿದ್ದಾನೆ. ಅವನಿಗೆ ಕಾಪಿ ಹೊಡೆದ ಅಪವಾದ ದೊಡ್ಡದಲ್ಲ, ನಾಲ್ಕು ಜನರೆದುರಿನ ಅವಮಾನ ದೊಡ್ಡದು.

ಇನ್ನು ಗೆಳೆಯ ವರದನ ತಂಗಿ ಅಲಮೇಲು. ಅವಳಿಗೆ ಕಾಟ ಕೊಡುವ ಜಲೀಲನನ್ನು ರಾಮಾಚಾರಿ ಬಡಿದು ಓಡಿಸುತ್ತಾನೆ. ಪ್ರೀತಿ ಬೆಳೆಯುತ್ತದೆ. ಅವನ ಗುರು ಚಾಮಯ್ಯ ಮೇಷ್ಟ್ರು ಬಂದು ತ್ಯಾಗ ದೊಡ್ಡದು ಎನ್ನುತ್ತಾರೆ, ಅವಳನ್ನು ಬಿಟ್ಟುಕೊಡುತ್ತಾನೆ. ತೋಳಿಗೆ ಬಗ್ಗದವನು ಮಾತಿಗೆ ಬಗ್ಗಿದ. ಇಲ್ಲಿ ದಾವಣಗೆರೆಯ ಹುಡುಗಿಯೊಬ್ಬಳು ಕೇಳಿದಳು, ‘ತ್ಯಾಗ ಮಾಡಿದ್ದು ರಾಮಾಚಾರಿನಾ, ಅಲಮೇಲುನಾ ಸಾರ್?’ ದಿನದ ಅತ್ಯುತ್ತಮ ಪ್ರಶ್ನೆ ಅದೇ. ತಕ್ಷಣ ಅಲಮೇಲುವಿಗೂ ಒಂದು ಹಾಳೆ ತೆಗೆಸಿದೆವು. ಮೂರನೆಯ ಕಾಲಂ ಭರ್ತಿ. ಅವಳು ಯಾರ ತಂಗಿ, ಯಾರ ಹೆಂಡತಿ ಎಂದು ಎಲ್ಲರೂ ಹೇಳಿದ್ದಾರೆ. ನಾಲ್ಕನೆಯದು ಹೆಚ್ಚುಕಡಿಮೆ ಖಾಲಿ.

ವಿದ್ಯಾರ್ಥಿಗಳು ಎಡವುವುದು, ರಾಮಾಚಾರಿ ಆಮೇಲೆ ಪ್ರೀತಿಸುವ ಮಾರ್ಗರೆಟ್ ಬಂದಾಗ. ‘ಎರಡನೇ ಪ್ರೀತಿ ಆಯ್ತು ಅಂದ್ರೆ ಮೊದಲನೇದು ಸುಳ್ಳು’ ಎಂಬ ವಾದ ಎದ್ದೇ ಏಳುತ್ತದೆ. ಚಿತ್ರವನ್ನು ಹುಡುಗಿಯರ ಲೆಕ್ಕದಲ್ಲಿ ಎರಡು ಭಾಗ ಮಾಡಿಕೊಂಡದ್ದರ ಫಲ ಅದು. ಮೇಷ್ಟ್ರ ಲೆಕ್ಕದಲ್ಲಿ ಜೋಡಿಸಿ ನೋಡಿ. ಮೊದಲು ಅವರ ಮಾತು ಕೇಳಿದ. ಆಮೇಲೆ, ಗಂಡನ ಕೈಯಲ್ಲಿ ಹಾಳಾಗಿ ವೇಶ್ಯಾವೃತ್ತಿಗೆ ಬಿದ್ದ ಅಲಮೇಲುವನ್ನು ಹೋಟೆಲಿನಲ್ಲಿ ಕಂಡ. ಕೇಳಿದ ಮಾತಿನ ಫಲ ಕಣ್ಣೆದುರು ನಿಂತಿತು. ಅದೇ ಮೇಷ್ಟ್ರು ಮಾರ್ಗರೆಟ್ ವಿಷಯದಲ್ಲಿ ಮತ್ತೆ ಅಡ್ಡ ಬಂದಾಗ ಕೇಳುವ ಕಿವಿ ಹಳೆಯದಲ್ಲ. ಹೀಗೆ ಓದಿದರೆ ಕಥೆ ಎಲ್ಲೂ ಮುರಿಯುವುದಿಲ್ಲ.

ಹಾಳೆಯಲ್ಲಿ ಜಾತಿ, ಧರ್ಮ ಬರೆಯಲು ಹುಡುಗರು ಹಿಂಜರಿದರು. ಬರೆಯಲೇಬೇಕು. ಬ್ರಾಹ್ಮಣರ ಮನೆಯ ಹುಡುಗ, ಕ್ರಿಶ್ಚಿಯನ್ ಹುಡುಗಿ ಎಂಬುದನ್ನು ಬಿಟ್ಟರೆ ಮೇಷ್ಟ್ರ ತಡೆಗೆ ಅರ್ಥವೇ ಉಳಿಯುವುದಿಲ್ಲ.

ಬಿಸಿಲಿಳಿದ ಮೇಲೆ ಕೋಟೆ ಹತ್ತಿದೆವು (ಬೇಸಿಗೆಯಲ್ಲಿ ಮಧ್ಯಾಹ್ನ ಬಂಡೆಗಳು ಕಾದಿರುತ್ತವೆ, ಆ ಹೊತ್ತು ಬೇಡ). ಚಿತ್ರೀಕರಣದ ಜಾಗ ಗುರುತಿಸುವುದು ಉದ್ದೇಶವಲ್ಲ. ಸಂಕಲನ ದೂರದ ಜಾಗಗಳನ್ನೂ ಅಂಟಿಸುತ್ತದೆ. ನೋಡಬೇಕಾದ್ದು ಎಲ್ಲಿ ನಿಂತಾಗ ಅವನು ಯಾರಾಗುತ್ತಾನೆ ಎಂಬುದು. ಹಾಳೆಯ ಅಂಚಿನಲ್ಲಿ ಪ್ರತಿ ದೃಶ್ಯಕ್ಕೂ ‘ಮನೆ’, ‘ಕಾಲೇಜು’, ‘ಬಂಡೆ’ ಎಂದು ಗುರುತು ಹಾಕಿಸಿ. ಸೂರಿನ ಕೆಳಗೆ ಅವನು ಯಾರೆಂದು ಬೇರೆಯವರು ಹೇಳುತ್ತಾರೆ, ಬಂಡೆಯ ಮೇಲೆ ಅವನೇ.

ಓಬವ್ವನ ಕಿಂಡಿಯ ಬಳಿ ಜಯಂತಿ ಓಬವ್ವನಾಗಿ ಬರುವ ಹಾಡಿನ ಚರ್ಚೆ ನಡೆಯಿತು. ಅದನ್ನು ಊರಿನ ಹೆಮ್ಮೆಯ ಹಾಡೆಂದು ಪಕ್ಕಕ್ಕಿಡುವುದು ವಾಡಿಕೆ. ನಮಗೆ ಅದು ಪಾತ್ರದ ಕೀಲಿ. ಹೈದರಾಲಿಯ ಸೈನಿಕರು ನುಸುಳಿದಾಗ ಓಬವ್ವ ಯಾರ ಅಪ್ಪಣೆಗೂ ಕಾಯಲಿಲ್ಲ, ಕೈಗೆ ಸಿಕ್ಕ ಒನಕೆ ಹಿಡಿದಳು. ಆ ಕಥೆ ಕೇಳಿ ಬೆಳೆದ ಹುಡುಗನಿಗೆ ಅದೇ ಊರು ಹೇಳುವುದು ಮಾತ್ರ ‘ಹೇಳಿದಂತೆ ಕೇಳು’ ಎಂದು.

ಕೊನೆಯ ದೃಶ್ಯವೂ ಬೆಟ್ಟದ ಮೇಲೆಯೇ. ಅಡ್ಡ ನಿಂತ ಮೇಷ್ಟ್ರನ್ನು ತಳ್ಳುತ್ತಾನೆ, ಅವರು ಬಿದ್ದು ಸಾಯುತ್ತಾರೆ, ಮಾರ್ಗರೆಟ್ ಜೊತೆ ಅವನೂ ಹಾರುತ್ತಾನೆ. ಹಿರಿಯರನ್ನು ಮೀರಿದ ಹುಡುಗನಿಗೆ ಇಂಥ ಚಿತ್ರಗಳು ಸಾಮಾನ್ಯವಾಗಿ ಮುಂದೊಂದು ದಾರಿ ಕೊಡುತ್ತವೆ. ಇಲ್ಲಿ ಇಲ್ಲ. ಮೀರುವ ಬಲ ಅವನಲ್ಲಿತ್ತು. ಮೇಷ್ಟ್ರಿಲ್ಲದೆ ತಾನು ಯಾರೆಂಬುದಕ್ಕೆ ಉತ್ತರ ಇರಲಿಲ್ಲ.

ಇಷ್ಟಾದ ಮೇಲೆ ಚಾಮಯ್ಯನವರದೂ ಒಂದು ಹಾಳೆ ತುಂಬಿಸಬೇಕು. ‘ಅವರಿಗೆ ಬೇಕಾಗಿದ್ದೇನು’ ಎಂಬಲ್ಲಿ ಬಹುತೇಕರು ‘ಶಿಷ್ಯನ ಒಳಿತು’ ಎಂದರು. ಒಂದು ಗುಂಪು ‘ಶಿಷ್ಯ ನಮ್ಮವನಾಗೇ ಉಳಿಯಬೇಕು’ ಎಂದು ಬರೆಯಿತು. ಮಕ್ಕಳಿಲ್ಲದ ಚಾಮಯ್ಯ, ಅವರ ಹೆಂಡತಿ ತುಂಗಮ್ಮ ಅವನನ್ನು ಮಗನಂತೆ ಕಾಣುವ ದೃಶ್ಯಗಳನ್ನು, ಮೇಷ್ಟ್ರು ಅಡ್ಡ ಬರುವ ಎರಡೂ ದೃಶ್ಯಗಳ ಪಕ್ಕಕ್ಕಿಟ್ಟು ನೋಡಿದರೆ ಈ ಎರಡನೆಯ ಉತ್ತರಕ್ಕೇ ತೂಕ ಹೆಚ್ಚು.