ಚಾವಣಿಯ 3 ಕಿಲೋವ್ಯಾಟ್ ಸೋಲಾರ್: ಸಬ್ಸಿಡಿ, ಸಾಲ, ಮೀಟರಿನ ದಿನಚರಿ

ಜಾಗ: ತುಮಕೂರು, ಒಂದು ಅಂತಸ್ತಿನ ಆರ್‌ಸಿಸಿ ಮನೆ. ತಿಂಗಳ ಬಳಕೆ 320ರಿಂದ 340 ಯೂನಿಟ್, ಮಂಜೂರಾದ ಲೋಡ್ 2 ಕಿಲೋವ್ಯಾಟ್. ಯೋಜನೆ: ಪಿಎಂ ಸೂರ್ಯಘರ್, ಅಂದರೆ ಮನೆ ಚಾವಣಿಯ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಯೋಜನೆ.

2025 ಅಕ್ಟೋಬರ್, ಮೊದಲ ವಾರ. ಕೊಟೇಶನ್ ನೋಡುವ ಮೊದಲು ಕರೆಂಟ್ ಬಿಲ್ಲನ್ನೇ ನೋಡಿದ್ದು. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಮನೆಯಾದರೆ ಈ ಕೆಲಸ ಇಲ್ಲಿಗೇ ನಿಲ್ಲಬೇಕು. 150 ಯೂನಿಟ್ ಉರಿಸುವವರಿಗೆ ಉಳಿಸಲು ಬಿಲ್ಲೇ ಇಲ್ಲ, ಸಾಲದ ಕಂತು ಮಾತ್ರ ಹೊಸದಾಗಿ ಬರುತ್ತದೆ. ಈ ಮನೆ 200 ಯೂನಿಟ್‌ನ ಮಿತಿ ದಾಟುತ್ತದೆ, ಹಾಗಾಗಿ ಯೂನಿಟ್ಟಿಗೆ 5.80 ರೂಪಾಯಿಯಂತೆ (2025-26ರ ದರ) ಪೂರ್ತಿ ಬಿಲ್ ಕಟ್ಟುತ್ತಿತ್ತು.

ಎರಡನೇ ವಾರ. ಗಾತ್ರ ನಿರ್ಧಾರ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಅದರಾಚೆ 5 ಹಾಕಿದರೂ 10 ಹಾಕಿದರೂ ಸಬ್ಸಿಡಿ ಅಷ್ಟೇ. ಹೆಚ್ಚು ಜನ ಎಡವುವುದು ಇನ್ನೊಂದು ಕಡೆ: ಪ್ಯಾನೆಲ್‌ಗಳ ಒಟ್ಟು ಸಾಮರ್ಥ್ಯ, ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಯ ಎಸಿಗೆ ಬದಲಿಸುವ ಪೆಟ್ಟಿಗೆ) ಸಾಮರ್ಥ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಸಬ್ಸಿಡಿ. ಒಂದು ಕೊಟೇಶನ್‌ನಲ್ಲಿ 545 ವ್ಯಾಟಿನ 5 ಪ್ಯಾನೆಲ್, 3 ಕಿಲೋವ್ಯಾಟ್ ಇನ್ವರ್ಟರ್ ಇತ್ತು. ಮೇಲೆ ದಪ್ಪಕ್ಷರದಲ್ಲಿ ‘3 ಕಿಲೋವ್ಯಾಟ್ ಸಿಸ್ಟಂ’ ಎಂದು ಬರೆದಿತ್ತು. ಲೆಕ್ಕಕ್ಕೆ ಸಿಗುವುದು 2.725, ಸಬ್ಸಿಡಿ 73,050. ಆರನೇ ಪ್ಯಾನೆಲ್ ಸೇರಿದರೆ 3.27, ಇನ್ವರ್ಟರ್ ಮಿತಿಯಿಂದ 3, ಪೂರ್ತಿ 78,000. ಆರಕ್ಕೇ ನಿಂತೆವು.

ಪ್ಯಾನೆಲ್ ಡಿಸಿಆರ್ ಆಗಿರಲೇಬೇಕು, ಅಂದರೆ ಸೆಲ್ ಮತ್ತು ಮಾಡ್ಯೂಲ್ ಎರಡೂ ಭಾರತದಲ್ಲೇ ತಯಾರಾದದ್ದು. ‘ಮೇಡ್ ಇನ್ ಇಂಡಿಯಾ’ ಸ್ಟಿಕರ್ ಸಾಲದು; ಹೊರಗಿನ ಸೆಲ್ ತಂದು ಇಲ್ಲಿ ಜೋಡಿಸಿದ ಪ್ಯಾನೆಲ್‌ಗೂ ಆ ಸ್ಟಿಕರ್ ಇರುತ್ತದೆ. ಡಿಸಿಆರ್ ಅಲ್ಲದ್ದು ಅಗ್ಗ, ಆದರೆ ಸಬ್ಸಿಡಿ ಇಲ್ಲ.

ದರ. ಸಪ್ಟೆಂಬರ್ 22ಕ್ಕೆ ಮುಂಚಿನ ಕೊಟೇಶನ್‌ಗಳನ್ನು ಬದಿಗಿಡಿ. ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5%ಗೆ ಇಳಿದಿದೆ. ಬಿಲ್ಲಿನ 70% ಸಾಮಾನು, 30% ಸೇವೆ (18%) ಎಂಬ ಲೆಕ್ಕದಲ್ಲಿ ಒಟ್ಟಾರೆ ತೆರಿಗೆ 13.8%ರಿಂದ 8.9% ಆಗುತ್ತದೆ. ಮೂಲ ಬೆಲೆ 1,80,000 ಇದ್ದದ್ದಕ್ಕೆ ಹಳೆಯ ಮೊತ್ತ 2,04,840, ಹೊಸದು 1,96,020. ಚೌಕಾಸಿ ಮಾಡಿ 1,95,000ಕ್ಕೆ ಮುಗಿಯಿತು.

ಮೂರನೇ ವಾರ. ನ್ಯಾಷನಲ್ ಪೋರ್ಟಲ್‌ನಲ್ಲಿ ಅರ್ಜಿ. ಕರೆಂಟ್ ಬಿಲ್ ಇನ್ನೂ ತೀರಿಕೊಂಡ ಹಿರಿಯರ ಹೆಸರಲ್ಲಿತ್ತು. ಬಿಲ್ಲಿನ ಹೆಸರು, ಅರ್ಜಿಯ ಹೆಸರು, ಬ್ಯಾಂಕ್ ಖಾತೆಯ ಹೆಸರು ಒಂದೇ ಇರಬೇಕು. ಆದ್ದರಿಂದ ಮೊದಲು ಹೆಸರು ಬದಲಾವಣೆ, ಆಮೇಲೆ ಅರ್ಜಿ. ಇದಕ್ಕೇ 3 ವಾರ ಹೋಯಿತು. ಇಡೀ ಕೆಲಸದಲ್ಲಿ ಅತಿ ಹೆಚ್ಚು ದಿನ ತಿಂದದ್ದು ಕಬ್ಬಿಣವಲ್ಲ, ಕಾಗದ.

10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಪರಿಶೀಲನೆ ಇಲ್ಲದೆಯೇ ಅರ್ಜಿ ಒಪ್ಪಿಗೆಯಾದಂತೆ. ಬೇಕಾದರೆ ಲೋಡನ್ನೂ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಏರಿಸುತ್ತದೆ. ಏರಿದ ಲೋಡ್ ಪುಕ್ಕಟೆಯಲ್ಲ: ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 (2025-26ರ ದರ). 2ರಿಂದ 3ಕ್ಕೆ ಹೋದರೆ ವರ್ಷಕ್ಕೆ 1,740 ಹೆಚ್ಚುವರಿ. ಯಾವ ಮಾರಾಟಗಾರನ ಉಳಿತಾಯದ ಪಟ್ಟಿಯಲ್ಲೂ ಈ ಸಾಲು ಕಾಣಲಿಲ್ಲ.

ನವೆಂಬರ್. ಸಾಲ. ಸರ್ಕಾರದ ಸಾಲದ ಪೋರ್ಟಲ್ ಜನಸಮರ್ಥ್ ಮೂಲಕ ಅರ್ಜಿ, ಅಡಮಾನ ಇಲ್ಲ. ಕೈಯಿಂದ 10% ಅಂದರೆ 19,500, ಉಳಿದ 1,75,500 ಸಾಲ. 6% ಬಡ್ಡಿ, 10 ವರ್ಷ, ಕಂತು 1,948. ಸಬ್ಸಿಡಿ ಮುಂಗಡವಾಗಿ ಸಿಗುವುದಿಲ್ಲ, ಮಾರಾಟಗಾರನಿಗೆ ಪೂರ್ತಿ ಹಣ ಹೋಗಿ ಮೀಟರ್ ಓಡಿದ ಮೇಲೇ ಬರುತ್ತದೆ.

ಬಂದ 78,000ವನ್ನು ಸಾಲಕ್ಕೇ ತುಂಬಿದರೆ ಸುಮಾರು 97,000 ಉಳಿಯುತ್ತದೆ. ಆಗ ಬ್ಯಾಂಕಿಗೆ ‘ಕಂತು ಹಾಗೇ ಇರಲಿ, ಅವಧಿ ಇಳಿಸಿ’ ಎಂದು ಬರೆದು ಕೊಡಬೇಕು. 1,948ರ ಕಂತನ್ನೇ ಮುಂದುವರಿಸಿದರೆ 58 ತಿಂಗಳಲ್ಲಿ ಸಾಲ ತೀರುತ್ತದೆ, ಬಡ್ಡಿ 15,000ದ ಆಸುಪಾಸು. ಕಂತು ಇಳಿಸಿಕೊಂಡು 10 ವರ್ಷ ಎಳೆದರೆ ಬಡ್ಡಿ 31,000 ದಾಟುತ್ತದೆ. ಬದಲಾಗುವ ಬಡ್ಡಿಯ ವೈಯಕ್ತಿಕ ಸಾಲವಾದ್ದರಿಂದ ಮುಂಚಿತ ಪಾವತಿಗೆ ದಂಡವಿಲ್ಲ.

ಡಿಸೆಂಬರ್, ಮೊದಲ ವಾರ. ಜೋಡಣೆ ಎರಡೇ ದಿನ. ಜಿಐ (ಸತು ಲೇಪಿಸಿದ ಕಬ್ಬಿಣ) ಸ್ಟ್ರಕ್ಚರ್, ದಕ್ಷಿಣಾಭಿಮುಖ, 4 ಚದರ ಮಿಮೀ ಡಿಸಿ ಕೇಬಲ್, ಎಸಿಗೆ, ಡಿಸಿಗೆ, ಮಿಂಚುನಿರೋಧಕಕ್ಕೆ ಒಂದೊಂದರಂತೆ 3 ಅರ್ಥಿಂಗ್ ಗುಂಡಿ. ಎರಡೇ ಗುಂಡಿ ತೆಗೆದು ಮಿಂಚಿನ ತಂತಿಯನ್ನು ಎಸಿ ಅರ್ಥಿಂಗ್‌ಗೆ ಕಟ್ಟಲು ಹೊರಟಿದ್ದರು, ನಿಲ್ಲಿಸಿ ಮೂರನೆಯದನ್ನು ತೋಡಿಸಿದ್ದಾಯಿತು. ಪ್ಯಾನೆಲ್ ಮೇಲೇರಿಸುವ ಮುನ್ನವೇ ಆರೂ ಸೀರಿಯಲ್ ಸಂಖ್ಯೆಯ ಫೋಟೋ ತೆಗೆದಿಡಿ. ಪೋರ್ಟಲ್‌ಗೆ ಹಾಕಿದ ಒಂದು ಸಂಖ್ಯೆಯಲ್ಲಿ ಒಂದಂಕಿ ತಪ್ಪಿ ಕಡತ ವಾಪಸಾಯಿತು. ಫೋಟೋ ಇದ್ದದ್ದರಿಂದ ಒಂದೇ ದಿನದಲ್ಲಿ ಸರಿಹೋಯಿತು, ಇಲ್ಲದಿದ್ದರೆ ಪ್ಯಾನೆಲ್ ಕೆಳಗೆ ತಲೆ ತೂರಿಸಿ ಓದಬೇಕಿತ್ತು.

ಡಿಸೆಂಬರ್, ಮೂರನೇ ವಾರ. ಎರಡೂ ದಿಕ್ಕಿನ ಮೀಟರ್ ಬರುವ ತನಕ ಡಿಸಿ ಐಸೊಲೇಟರ್ (ಪ್ಯಾನೆಲ್‌ನ ಕರೆಂಟ್ ಕಡಿಯುವ ಸ್ವಿಚ್) ಆಫ್. ‘ಸುಮ್ಮನೆ ಟೆಸ್ಟ್ ಮಾಡೋಣ’ ಎಂಬ ಆಸೆಗೆ ಬೀಳಬಾರದು. ಹಳೆಯ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಹಲವಕ್ಕೆ ಕರೆಂಟ್ ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದು ತಿಳಿಯುವುದಿಲ್ಲ. ಹೊರಗೆ ಹೋದ ಯೂನಿಟ್ಟನ್ನೂ ಬಳಕೆ ಎಂದೇ ಕೂಡಿಸಿ ಬಿಲ್ಲಿಗೆ ಹಾಕುತ್ತವೆ. ಇನ್ನೊಂದು ವಿಷಯ: ಬ್ಯಾಟರಿ ಇಲ್ಲದ ಈ ಇನ್ವರ್ಟರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕಾಗಿ ಮಾಡಿದ ಏರ್ಪಾಡು ಅದು.

2026 ಜನವರಿ. ಮೊದಲ ಪೂರ್ಣ ತಿಂಗಳು. ಉತ್ಪಾದನೆ 372, ಗ್ರಿಡ್‌ಗೆ ಹೋದದ್ದು 241, ಗ್ರಿಡ್‌ನಿಂದ ಬಂದದ್ದು 198. ಮನೆಯ ಬಳಕೆ 372 − 241 + 198 = 329. ಸೋಲಾರ್ ಇಲ್ಲದಿದ್ದರೆ ಯೂನಿಟ್‌ಗಳ ಶುಲ್ಕವೇ 1,908, ತೆರಿಗೆ ಸೇರಿದರೆ 2,000 ದಾಟುತ್ತಿತ್ತು, ಆ ಉಳಿತಾಯ ಕಂತಿಗೆ ಸರಿಯಾಯಿತು. 435 ನಿಗದಿತ ಶುಲ್ಕ ಮಾತ್ರ ಕಟ್ಟಲೇಬೇಕು. 241ರಲ್ಲಿ 198 ಕಳೆದು ಉಳಿದ 43 ಯೂನಿಟ್‌ಗೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ, ಆದ್ದರಿಂದ ಏಳನೇ ಪ್ಯಾನೆಲ್ ಯೋಚನೆ ಬಿಟ್ಟದ್ದಾಯಿತು.

ಬಾಕಿ ಕೆಲಸ: ಸಂಜೆ 3ರ ನಂತರ ನೀರಿನ ಟ್ಯಾಂಕಿನ ನೆರಳು ಪಶ್ಚಿಮದ ಕೊನೆಯ ಪ್ಯಾನೆಲ್ ಮೇಲೆ ಬೀಳುತ್ತಿದೆ. ಆರೂ ಒಂದೇ ಸ್ಟ್ರಿಂಗ್ (ಒಂದಕ್ಕೊಂದು ಸರಣಿಯಾಗಿ ಜೋಡಿಸಿದ ಸಾಲು) ಆದ್ದರಿಂದ ಹೊರೆ ಇಡೀ ಸಾಲಿನ ಮೇಲೂ ಬೀಳಬಹುದು. ಪ್ಲಂಬರ್ ಸಿಕ್ಕರೆ ಟ್ಯಾಂಕನ್ನು 2 ಮೀಟರ್ ಉತ್ತರಕ್ಕೆ ಸರಿಸಿ ಫೆಬ್ರವರಿಯ ಅಂಕಿ ನೋಡುವುದು.