ಎನ್‌ಬಿಡಬ್ಲ್ಯು ಬಂದಿದೆ ಅಂದರೆ ಏನು ಮಾಡಬೇಕು?

ಠಾಣೆಯಿಂದ ಪೇದೆಯೊಬ್ಬರು ಬಂದು "ನಿಮ್ಮ ಮೇಲೆ ಎನ್‌ಬಿಡಬ್ಲ್ಯು ಇದೆ ಸಾರ್, ಸ್ಟೇಷನ್ ಕಡೆ ಬನ್ನಿ" ಅಂದ ಕೂಡಲೇ ಹೆಚ್ಚಿನವರು ಪರಿಚಯದ ಪುಢಾರಿಗೆ ಫೋನ್ ಹಚ್ಚುತ್ತಾರೆ. ದಂಡದ ಕೆಲಸ. ಎನ್‌ಬಿಡಬ್ಲ್ಯು ಅಂದರೆ ಜಾಮೀನುರಹಿತ ವಾರಂಟ್ (ನಾನ್-ಬೇಲಬಲ್ ವಾರಂಟ್), ಅದನ್ನು ಹೊರಡಿಸಿದ್ದು ಕೋರ್ಟು. ಅದನ್ನು ಹಿಂಪಡೆಯುವ ಅಧಿಕಾರ ಇನ್‌ಸ್ಪೆಕ್ಟರಿಗೂ ಇಲ್ಲ, ಶಾಸಕರಿಗೂ ಇಲ್ಲ. ಹಳೆಯದಾದರೆ ತಾನಾಗಿ ಬಿದ್ದುಹೋಗುತ್ತದೆ ಎನ್ನುವುದೂ ಸುಳ್ಳು. ಹೊರಡಿಸಿದ ಕೋರ್ಟೇ ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ವಾರಂಟ್ ಜೀವಂತವಾಗಿರುತ್ತದೆ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 72 ಹೇಳುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿರುವ ಕಾನೂನು ಇದು.

ಸಾಮಾನ್ಯ ಜನರ ಮನೆಗೆ ಬರುವ ವಾರಂಟುಗಳಲ್ಲಿ ಕೊಲೆ, ದರೋಡೆಯವು ಕಡಿಮೆ. ಚೆಕ್ ಬೌನ್ಸ್, ಅಪಘಾತ, ಹಳೆಯ ಹೊಡೆದಾಟ, ಬಾಕಿ ಉಳಿದ ಜೀವನಾಂಶ, ಇಂಥವೇ ಹೆಚ್ಚು. ಮನೆ ಬದಲಾಯಿಸಿದ್ದರಿಂದ ಸಮನ್ಸ್ ಹಳೆಯ ವಿಳಾಸಕ್ಕೆ ಹೋಗಿರುತ್ತದೆ, ಇಲ್ಲವೇ ಜಾಮೀನು ಪಡೆದವರು ಎರಡು ವಾಯಿದೆ ತಪ್ಪಿಸಿರುತ್ತಾರೆ. ಮೊದಲು ಸಮನ್ಸ್, ಆಮೇಲೆ ಜಾಮೀನುಸಹಿತ ವಾರಂಟ್, ಅದಕ್ಕೂ ಬಗ್ಗದಿದ್ದರೆ ಮಾತ್ರ ಎನ್‌ಬಿಡಬ್ಲ್ಯು ಎಂಬ ಕ್ರಮವನ್ನು ಸುಪ್ರೀಂ ಕೋರ್ಟ್ 2007ರಲ್ಲಿ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಜಾಮೀನಿನ ಮೇಲಿದ್ದವರು ಗೈರಾದರೆ ಮಾತ್ರ ಮ್ಯಾಜಿಸ್ಟ್ರೇಟರು ಅಷ್ಟು ತಾಳ್ಮೆ ತೋರುವುದಿಲ್ಲ. ಬರಲಾಗದ ದಿನ ವಕೀಲರ ಮೂಲಕ ಗೈರುಹಾಜರಿ ಮನ್ನಾ ಅರ್ಜಿ ಹಾಕಿಸಿದ್ದರೆ ಇವುಗಳಲ್ಲಿ ಅರ್ಧದಷ್ಟು ಹುಟ್ಟುತ್ತಲೇ ಇರಲಿಲ್ಲವೇನೋ.

ಪೊಲೀಸರು ಬಂದಾಗ ಮೊದಲು ಕಾಗದ ತೋರಿಸಲು ಕೇಳಿ. ವಾರಂಟಿನ ಸಾರಾಂಶವನ್ನು ಅವರು ತಿಳಿಸಲೇಬೇಕು, ಕೇಳಿದರೆ ವಾರಂಟನ್ನೂ ತೋರಿಸಬೇಕು. ಅದು ಕಲಂ 77. ಕೋರ್ಟಿನ ಹೆಸರು, ಕೇಸ್ ನಂಬರು, ಆರೋಪದ ಕಲಂ, ಯಾವ ಅಧಿಕಾರಿಗೆ ಬರೆದದ್ದು, ನ್ಯಾಯಾಧೀಶರ ಸಹಿ, ಕೋರ್ಟಿನ ಮೊಹರು, ಇಷ್ಟನ್ನೂ ನೋಡಿ. ತಂದೆಯ ಹೆಸರು ಮತ್ತು ವಿಳಾಸವನ್ನು ಬೆರಳಿಟ್ಟು ಓದಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ಕು ಜನ ಇರುವ ಕಡೆ ತಪ್ಪಾದವರನ್ನು ಎಳೆದುಕೊಂಡು ಹೋಗುವುದು ಸುಲಭ. ಆಧಾರ್ ತೋರಿಸಿ ಅಲ್ಲೇ ಆಕ್ಷೇಪ ಹೇಳಿ.

ವಾರಂಟಿನ ಮೇಲೆ ಕೋರ್ಟು ಬರೆದ ಷರಾ (ಟಿಪ್ಪಣಿ) ಇದೆಯೇ ಎಂದೂ ನೋಡಬೇಕು. ಇಷ್ಟು ಮೊತ್ತದ ಮುಚ್ಚಳಿಕೆ, ಇಷ್ಟು ಜನ ಜಾಮೀನುದಾರರು, ಇಂಥ ದಿನ ಹಾಜರಾಗಬೇಕು ಎಂದು ಬರೆದಿದ್ದರೆ ಅದು ಜಾಮೀನುಸಹಿತ ವಾರಂಟ್. ಆ ಭದ್ರತೆ ಕೊಟ್ಟರೆ ಪೊಲೀಸರೇ ಬಿಡಬೇಕು, ರಾತ್ರಿಯಿಡೀ ಠಾಣೆಯ ಬೆಂಚಿನ ಮೇಲೆ ಕೂರಿಸುವಂತಿಲ್ಲ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ "ವಾರಂಟ್" ಕಳಿಸಿ ವಿಡಿಯೊ ಕರೆಯಲ್ಲೇ ದಸ್ತಗಿರಿ ಮಾಡಿದೆವು ಎನ್ನುವವರು ಕಳ್ಳರು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬಾಗಿಲು ಹಾಕಿಕೊಂಡು ಕೂರುವುದು ಬೇಡ. ವಾರಂಟಿರುವ ವ್ಯಕ್ತಿ ಒಳಗಿದ್ದಾನೆಂದು ನಂಬಲು ಕಾರಣವಿದ್ದು, ಕೇಳಿದರೂ ತೆರೆಯದಿದ್ದರೆ ಬಾಗಿಲು ಒಡೆದು ಬರುವ ಅಧಿಕಾರ ಪೊಲೀಸರಿಗಿದೆ. ಮಹಿಳೆಯರ ವಿಷಯ ಬೇರೆ. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುನ್ನ ಮಹಿಳೆಯನ್ನು ದಸ್ತಗಿರಿ ಮಾಡುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದ ಮೇಲೆ.

ಹೀಗಾಗುವ ಮೊದಲೇ ಕೋರ್ಟಿಗೆ ಹೋಗುವುದು ಜಾಣತನ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್‌ಆರ್ ನಂಬರು (ಪ್ರತಿ ಕೇಸಿಗೂ ಇರುವ ಹದಿನಾರು ಅಕ್ಷರ-ಅಂಕಿಗಳ ಗುರುತು) ಹಾಕಿದರೆ ಕೇಸಿನ ಹಂತ, ಮುಂದಿನ ವಾಯಿದೆ ಸಿಗುತ್ತದೆ. ವಾಯಿದೆಗೆ ಕಾಯಬೇಕಿಲ್ಲ. ಕೇಸನ್ನು ಮುಂಚಿತವಾಗಿ ಬೋರ್ಡಿಗೆ ತೆಗೆದುಕೊಳ್ಳಲು ಒಂದು ಅರ್ಜಿ, ವಾರಂಟ್ ರೀಕಾಲ್‌ಗೆ, ಅಂದರೆ ಹಿಂಪಡೆಯಲು, ಇನ್ನೊಂದು ಅರ್ಜಿ ಬರೆಸಿ, ಖುದ್ದಾಗಿ ಕೋರ್ಟಿನಲ್ಲಿ ನಿಲ್ಲಿ. ಆರೋಪಿ ಎದುರಿಗಿಲ್ಲದೆ ವಕೀಲರು ಮಾತ್ರ ನಿಂತು ಕೇಳಿದ ರೀಕಾಲ್ ಎಷ್ಟೋ ಸಲ ತಿರಸ್ಕೃತವಾಗುತ್ತದೆ. ಗೈರಿಗೆ ಕಾರಣ ಬರೆಯುವಾಗ "ಅನಾರೋಗ್ಯ" ಎಂಬ ಒಂದೇ ಪದ ಸಾಲದು, ಆಸ್ಪತ್ರೆಯ ಚೀಟಿಯೋ ಬಾಡಿಗೆ ಕರಾರೋ ಲಗತ್ತಿಸಿ. ಶ್ಯೂರಿಟಿಯನ್ನೂ (ಜಾಮೀನುದಾರರನ್ನೂ) ಅವತ್ತೇ ಕರೆದೊಯ್ಯಿರಿ, ಪಹಣಿ ಮತ್ತು ಆಧಾರ್ ಸಮೇತ. ಹಳೆಯ ಮುಚ್ಚಳಿಕೆ ಮುಟ್ಟುಗೋಲಾಗಿದ್ದರೆ ದಂಡ ಕಟ್ಟಿ ಹೊಸದನ್ನು ಬರೆದುಕೊಡಬೇಕಾಗುತ್ತದೆ.

ರೀಕಾಲ್ ಆಯಿತೆಂದು ಮನೆಗೆ ಹೊರಟುಬಿಡುವುದೇ ದೊಡ್ಡ ತಪ್ಪು. ಕೋರ್ಟಿನ ಕಡತದಲ್ಲಿ ರದ್ದಾದ ವಾರಂಟ್ ಠಾಣೆಯ ವಾರಂಟ್ ಪುಸ್ತಕದಲ್ಲಿ ಹಾಗೆಯೇ ಬಾಕಿ ಇರುತ್ತದೆ. ಇವೆರಡರ ನಡುವೆ ಓಡಾಡುವ ಕಾಗದ ತಡವಾದರೆ ಆ ಪೇದೆ ಮತ್ತೆ ಬಾಗಿಲಿಗೆ ಬರುತ್ತಾರೆ. ಮುಂಬೈಯಲ್ಲಿ ರದ್ದಾದ ವಾರಂಟಿನ ಮೇಲೆ ವಕೀಲರೊಬ್ಬರನ್ನೇ ಬಂಧಿಸಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2011ರ ಆ ತೀರ್ಪಿನ ಪ್ರಕಾರ ರದ್ದತಿಯನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕು, ವಾರಂಟನ್ನು ಜಾರಿ ಮಾಡದೆ ಹಿಂದಿರುಗಿಸುವಂತೆ ಪೊಲೀಸರಿಗೆ ತಿಳಿಸಬೇಕು, ಆರೋಪಿಗೂ ಆದೇಶದ ಒಂದು ಪ್ರತಿ ಕೊಡಬೇಕು. ಆ ಪ್ರತಿಯನ್ನು ಕೇಳಿ ಪಡೆಯಿರಿ, ಠಾಣೆಗೆ ನೀವೇ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿ. ಅದರ ಫೋಟೊ ಜೇಬಿನ ಫೋನಿನಲ್ಲಿರಲಿ.

ಕೋರ್ಟ್ ಬೇರೆ ಜಿಲ್ಲೆಯದೋ ಬೇರೆ ರಾಜ್ಯದ್ದೋ ಆಗಿದ್ದರೆ ಅನೇಕ ವಕೀಲರೂ ಮರೆಯುವ ಒಂದು ಅನುಕೂಲವಿದೆ. ವಾರಂಟ್ ಹೊರಡಿಸಿದ ಕೋರ್ಟ್ ದಸ್ತಗಿರಿಯಾದ ಜಾಗದಿಂದ ಮೂವತ್ತು ಕಿಲೋಮೀಟರಿನೊಳಗೆ ಇಲ್ಲದಿದ್ದರೆ, ಸಾಮಾನ್ಯವಾಗಿ ನಿಮ್ಮನ್ನು ಮೊದಲು ಸ್ಥಳೀಯ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು, ಜಿಲ್ಲಾ ಎಸ್‌ಪಿ ಅಥವಾ ಪೊಲೀಸ್ ಆಯುಕ್ತರ ಮುಂದೆ ಹಾಜರುಪಡಿಸಬೇಕು. ಅಪರಾಧ ಜಾಮೀನು ಸಿಗುವಂಥದ್ದಾಗಿದ್ದು ನೀವು ಜಾಮೀನು ಕೊಡಲು ತಯಾರಿದ್ದರೆ ಅವರು ಅಲ್ಲೇ ತೆಗೆದುಕೊಳ್ಳಬೇಕು ಎನ್ನುತ್ತದೆ ಕಲಂ 83. ಚೆಕ್ ಬೌನ್ಸ್ ಜಾಮೀನು ಸಿಗುವ ಅಪರಾಧ. ಬೆಂಗಳೂರಿನವರನ್ನು ದೆಹಲಿಯ ರೈಲು ಹತ್ತಿಸುವ ಮೊದಲು ಈ ಕಲಂ ನೆನಪಿಸಿ.

ವಾರಂಟ್ ಇಲ್ಲದೆ ಮಾಡುವ ದಸ್ತಗಿರಿಗೆ ಬಿಗಿ ಬೇರೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ದಸ್ತಗಿರಿ ಯಾಕೆ ಅಗತ್ಯ ಎಂದು ಅಧಿಕಾರಿ ಬರೆದಿಡಬೇಕು, ಇಲ್ಲದಿದ್ದರೆ ಕಲಂ 35(3)ರ ನೋಟಿಸ್ ಕೊಟ್ಟು ಕರೆಯಬೇಕು. ಇದು 2014ರ ಅರ್ನೇಶ್ ಕುಮಾರ್ ತೀರ್ಪಿನ ತಿರುಳು. ಆ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿಯಾಗಿ ಬಂದ ನೋಟಿಸಿಗೆ ಮಾತ್ರ ತಪ್ಪದೆ ಹೋಗಿ, ಹೋಗದಿದ್ದರೆ ದಸ್ತಗಿರಿಗೆ ನೀವೇ ಕಾರಣ ಒದಗಿಸಿದಂತೆ. ದಸ್ತಗಿರಿಯ ಆಧಾರಗಳನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕು, ತಕ್ಷಣ ಆಗದಿದ್ದರೂ ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು. ಇದು 2025ರ ನವೆಂಬರಿನ ತೀರ್ಪು. ವಾರಂಟಿನ ಮೇಲೆ ಹಿಡಿದಾಗ ವಾರಂಟನ್ನು ಓದಿ ಹೇಳಿದರೆ ಸಾಕು ಎಂದು ಅದೇ ವರ್ಷ ಬಂದ ಇನ್ನೊಂದು ತೀರ್ಪಿದೆ. ಇವೆರಡನ್ನೂ ಕಲಸಿಕೊಂಡು ಠಾಣೆಯಲ್ಲಿ ವಾದಿಸಬೇಡಿ.

ಕೋಳದ ಬಗ್ಗೆ ಹೊಸ ಸಂಹಿತೆ ಒಂದು ಪಟ್ಟಿ ಕೊಟ್ಟಿದೆ: ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಮಾದಕವಸ್ತು, ಪದೇಪದೇ ಅಪರಾಧ ಮಾಡುವವರು, ಕಸ್ಟಡಿಯಿಂದ ಓಡಿಹೋದವರು, ಹೀಗೆ. ಚೆಕ್ ಕೇಸು ಅದರಲ್ಲಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಚೆಕ್ ಬೌನ್ಸ್ ವಾರಂಟಿನ ಮೇಲೆ ಕಾನೂನು ವಿದ್ಯಾರ್ಥಿಯೊಬ್ಬರಿಗೆ ಕೋಳ ತೊಡಿಸಿದ್ದಕ್ಕೆ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಭಾನುವಾರವಾದರೂ. ಇಲ್ಲಿಯ ಹಳೆಯ ಚಮತ್ಕಾರವೆಂದರೆ, ಬೆಳಿಗ್ಗೆ "ವಿಚಾರಣೆಗೆ" ಕರೆತಂದು ದಸ್ತಗಿರಿ ಮೆಮೊದಲ್ಲಿ ರಾತ್ರಿಯ ಸಮಯ ಬರೆಯುವುದು. ವಾರಂಟ್ ಇಲ್ಲದ ದಸ್ತಗಿರಿಯಲ್ಲಿ ಮೆಮೊಗೆ ಕುಟುಂಬದವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು, ನೀವೂ ಸಹಿ ಮಾಡಬೇಕು. ಸಹಿಯ ಪಕ್ಕದಲ್ಲೇ ನಿಜವಾದ ವೇಳೆ ಬರೆಯಿರಿ. ಬರೆಯಲು ಬಿಡದಿದ್ದರೆ ಮ್ಯಾಜಿಸ್ಟ್ರೇಟರು "ಏನಾದರೂ ಹೇಳುವುದಿದೆಯಾ" ಎಂದಾಗ ಬಾಯಿಬಿಟ್ಟು ಹೇಳಿ, ಅದನ್ನು ಆರ್ಡರ್ ಶೀಟಿನಲ್ಲಿ ಬರೆಸಲು ಕೋರಿ. ಠಾಣೆಯ ಸಿಸಿಟಿವಿ ದೃಶ್ಯವನ್ನು ಅಳಿಸದೆ ಇಡಲು ಅದೇ ದಿನ ಅರ್ಜಿ ಕೊಡಿ. ದೃಶ್ಯವನ್ನು ಹದಿನೆಂಟು ತಿಂಗಳು ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದರೂ "ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಬೇಗ ಬರುತ್ತದೆ. ವಕೀಲರಿಗೆ ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೇಳಿಕಳಿಸಬಹುದು, ಸಹಾಯವಾಣಿ 15100.